ಯಜಮಾನನಿಗೆ ಹೊಡೆಯುವ ಕುಸ್ತಿ

ಕಳೆದ ವಾರ ಪೀಣ್ಯದಲ್ಲಿ ಮೆಟ್ರೋ ಹತ್ತಿದ ಗಾರ್ಮೆಂಟ್ಸ್ ಹುಡುಗಿಯರ ಮೈಯಿಂದ ಹೊಸ ಬಟ್ಟೆಯ, ಮಿಷನ್ ಎಣ್ಣೆಯ ವಾಸನೆ ಬಂತು. ತಟ್ಟನೆ ಎದುರುಮನೆ ಅಕ್ಕ ನೆನಪಾದರು...

ಆಗ ನಾವು ಲಗ್ಗೆರೆಯಲ್ಲಿದ್ದೆವು. ಅಕ್ಕ ಅದೇ ಊರಿನವರು. ನನಗೆ ಕೆಲಸ ಕೊಡಿಸಿದ್ದೂ ಅವರೇ. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷನ್ ಅವರದು. ಭಾನುವಾರ ಸೊಪ್ಪು ಸೋಸುವ ನೆಪದಲ್ಲಿ ಟಿವಿ ನೋಡಲು ನಮ್ಮ ಮನೆಗೆ ಬರುತ್ತಿದ್ದರು. ನೋಡುತ್ತಿದ್ದುದು ಧಾರಾವಾಹಿಯಲ್ಲ, ಅಮೆರಿಕದ ಕುಸ್ತಿ. ಇಂಗ್ಲಿಷ್ ಒಂದಕ್ಷರ ಬಾರದು. ಆದರೂ ಯಾರು ಒಳ್ಳೆಯವನು, ಯಾರು ಕೆಟ್ಟವನು ಎಂಬುದು ನನಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಒಂದು ವಾರ ಕುಸ್ತಿ ಕಂಪನಿಯ ಯಜಮಾನನೇ ಕೋಟು ತೊಟ್ಟು ಅಖಾಡಕ್ಕೆ ಇಳಿದ. ಅವನ ಕೈಕೆಳಗಿನ ಪೈಲ್ವಾನ ಅವನನ್ನೇ ಎತ್ತಿ ಒಗೆದ. ಜನ ಕುಣಿದರು. ಅಕ್ಕನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು.

"ಸಂಬ್ಳ ಕೊಡೋನ್ಗೇ ಒಡೀತಾವ್ನಲ್ಲೇ."

"ಎಲ್ಲಾ ನಾಟಕ ಅಕ್ಕ," ಎಂದೆ.

"ನಂಗೂ ಗೊತ್ತು ಕಣೇ. ಇಂಥ ನಾಟ್ಕ ನೋಡೋಕೆ ಅಷ್ಟು ಜನ ಕಾಸು ಕೊಟ್ಟು ಬತ್ತಾರಲ್ಲ. ಅಂದ್ರೆ ಅಮೇರಿಕದೋರ ಒಟ್ಟೇಲೂ ಇದೇ ಉರಿ ಐತೆ."

ಕೆಲವು ತಿಂಗಳ ನಂತರ, ಹೊಲಿಗೆ ಸೊಟ್ಟಗಾಯಿತೆಂದು ಸೂಪರ್‌ವೈಸರ್ ಕಾಲರ್‌ಗಳ ಕಟ್ಟನ್ನು ನನ್ನ ಮುಖಕ್ಕೆ ಎಸೆದ. ಅಲ್ಲಿ ಅದು ಹೊಸದೇನಲ್ಲ. ನಾನು ತಲೆ ತಗ್ಗಿಸಿ ಕೂತೆ. ಅಕ್ಕ ಮಿಷನ್ ನಿಲ್ಲಿಸಿ ಎದ್ದರು. ಬಿದ್ದ ಕಟ್ಟನ್ನು ಎತ್ತಿಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟರು.

"ಕೈಗೆ ಕೊಡಿ ಸಾರ್. ಮಕಕ್ಕೆ ಎಸೀಬೇಡಿ."

ಮರುದಿನ ಗೇಟಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ.

ಆ ಭಾನುವಾರವೂ ಅಕ್ಕ ಬಂದರು. ಯಜಮಾನನನ್ನು ಒಗೆದಿದ್ದ ಅದೇ ಪೈಲ್ವಾನ ಟಿವಿಯಲ್ಲಿ ಕೈ ಬೀಸುತ್ತ ಬಂದಾಗ, "ನೋಡು, ಇವ್ನ ಕೆಲ್ಸ ಓಗಿಲ್ಲ" ಎಂದು ನಕ್ಕರು. ಆ ನಗು... ನನಗೆ ನಗಲಾಗಲಿಲ್ಲ. ಆಮೇಲೆ ಫ್ಯಾಕ್ಟರಿಯ ನಮ್ಮ ಲೈನಿನಲ್ಲಿ ಕಟ್ಟುಗಳು ಕೈಗೇ ಬರತೊಡಗಿದವು. ಅದನ್ನು ಹೇಳಿದಾಗ ಅಕ್ಕ ಸುಮ್ಮನೆ ತಲೆಯಾಡಿಸಿದರು. ವರ್ಷ ಕಳೆಯುವುದರೊಳಗೆ ಮಗಳನ್ನು ಕೊಟ್ಟಿದ್ದ ವರ್ತೂರಿಗೆ ಹೋಗಿ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಹಿಡಿದರು. ಹೋಗಿಬರುವುದು ನಿಂತಿತು...

ಮೊನ್ನೆ ವಿಳಾಸ ವಿಚಾರಿಸಿಕೊಂಡು ವರ್ತೂರಿಗೆ ಹೋದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಕಾಫಿ ಕೊಟ್ಟು, "ಫ್ಯಾಕ್ಟ್ರಿ ಯಾಕೆ ಬಿಟ್ಲು ಅಂತ ಅಮ್ಮ ಹೇಳ್ಲೇ ಇಲ್ಲ" ಎಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನ ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಮ್ಮಮ್ಮ... ಎದ್ದು ನಿಂತ್ಲಾ?"

"ಎದ್ದು ನಿಂತ್ರು ಕಣಮ್ಮ. ನಂಗೋಸ್ಕರ."