ಸೆಪ್ಟೆಂಬರ್ ಇಪ್ಪತ್ತೆಂಟು

ಕಿಲ್‌ಡರ್ವನ್ ಕಾಲೇಜಿನ ದಾಖಲಾತಿ ವಿಭಾಗದಲ್ಲಿ ರಜನಿ ಪುಟ್ಟಣ್ಣ ಆರು ವರ್ಷ ಕೆಲಸ ಮಾಡಿದಳು. ಆ ಆರು ವರ್ಷದಲ್ಲಿ ಒಂದೇ ಒಂದು ತಾರೀಖನ್ನು ತಪ್ಪಾಗಿ ಹಾಕಿದಳು. ಅದನ್ನೂ ಗೊತ್ತಿದ್ದೇ ಹಾಕಿದಳು.

ವಾಟರ್‌ಫರ್ಡ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಐರ್ಲೆಂಡಿನ ಊರು ಅದು. ಗಂಡ ಗುರುಪ್ರಸಾದನ ಕಂಪನಿ ಇರುವುದು ಡಬ್ಲಿನ್ನಿನ ಸ್ಯಾಂಡಿಫರ್ಡ್‌ನಲ್ಲಿ. ಅಲ್ಲಿ ಬಾಡಿಗೆ ಮನೆ ಸಿಗದೆ ಸಿಗದೆ, ಕೊನೆಗೆ ಇಷ್ಟು ದೂರ ಬಂದು ನೆಲೆಸಿದ್ದರು. ಅವನು ವಾರಕ್ಕೊಮ್ಮೆ ಆಫೀಸಿಗೆ ಹೋಗಿ ಬರುತ್ತಿದ್ದ, ಉಳಿದ ದಿನ ಮನೆಯಿಂದಲೇ ಕೆಲಸ. ಮಗಳು ಮಾನ್ಯಾ ಹದಿಮೂರರವಳು, ಹುಟ್ಟಿದ್ದೂ ಇಲ್ಲೇ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಆ ಊರಿನ ಧಾಟಿಯ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಆ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರು ಹೇಳಿದರೆ ಡಬ್ಲಿನ್ನಿನವರು ನಗುತ್ತಿದ್ದರು. ಕೌನ್ಸಿಲರುಗಳು ಕಂದು ಲಕೋಟೆಯಲ್ಲಿ ಲಂಚ ತೆಗೆದುಕೊಂಡು ಹುಲ್ಲುಗಾವಲನ್ನೆಲ್ಲ ಮನೆ ಕಟ್ಟುವ ಜಾಗವೆಂದು ಬರೆದುಕೊಟ್ಟ ಕಥೆ ದೇಶಕ್ಕೆಲ್ಲ ಗೊತ್ತಿತ್ತು. ತನಿಖೆ ವರ್ಷಗಟ್ಟಲೆ ನಡೆದರೂ ಯಾರೂ ಜೈಲಿಗೆ ಹೋಗಲಿಲ್ಲ. ಊರಿನವರಿಗೆ ಅದು ಮಾಯದ ಗಾಯ. ಅವರಿಗೆ ಉಳಿದಿದ್ದ ಮರ್ಯಾದೆ ಒಂದೇ, ಫುಟ್‌ಬಾಲ್. ಚೆಂಡನ್ನು ಕೈಯಲ್ಲೂ ಹಿಡಿದು ಓಡುವ, ಒಂದೊಂದು ಕಡೆ ಹದಿನೈದು ಜನ ಆಡುವ ಗೇಲಿಕ್ ಫುಟ್‌ಬಾಲ್. ಕಾಲೇಜಿನ ತಂಡ ಗೆದ್ದ ದಿನ ಬೇಕರಿಯಲ್ಲಿ ಅಪರಿಚಿತರು ರಜನಿಯ ಕೈಕುಲುಕುತ್ತಿದ್ದರು.

ರಜನಿಗೆ ತನ್ನ ಕೆಲಸದ ಮೇಲೆ ಇದ್ದ ಪ್ರೀತಿಗೆ ಕಾರಣ ಬೇರೆಯೇ ಇತ್ತು. ಅವಳ ತಂದೆ ಪುಟ್ಟಣ್ಣ ಬೆಂಗಳೂರಿನ ಒಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಲೋಕಾಯುಕ್ತದವರ ಬಲೆಗೆ ಬಿದ್ದರು. ಗಾಜಿನ ಲೋಟದಲ್ಲಿ ಅಪ್ಪನ ಕೈ ತೊಳೆಸಿದ್ದು, ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದು, ಎರಡನ್ನೂ ಅವಳು ಕಾಲೇಜಿನ ಕ್ಯಾಂಟೀನಿನ ಟೀವಿಯಲ್ಲಿ ಗೆಳತಿಯರ ಜೊತೆ ಕೂತು ನೋಡಿದಳು. ಅಂದಿನಿಂದ ಅಪ್ಪನ ಜೊತೆ ಮುಖ ಕೊಟ್ಟು ಮಾತಾಡಿದ್ದಿಲ್ಲ. ಯುಗಾದಿಗೆ, ದೀಪಾವಳಿಗೆ ಒಂದು ಫೋನ್, ಊಟ ಆಯ್ತಾ, ಬಿಪಿ ಹೇಗಿದೆ, ಅಷ್ಟೆ. ಇಲ್ಲಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಅಪ್ಪ ಹಾಳು ಮಾಡಿದ್ದನ್ನು ತಾನು ಸರಿ ಮಾಡುತ್ತಿದ್ದೇನೆ ಎಂಬಂಥ ಒಂದು ಸಮಾಧಾನ ಅವಳಿಗಿತ್ತು. ಒಮ್ಮೆ ಚಹಾ ಕುಡಿಯುವಾಗ ಮೇಲಧಿಕಾರಿ ನೊರೀನ್‌ಗೆ ಇದನ್ನೆಲ್ಲ ಹೇಳಿಕೊಂಡಿದ್ದಳು. ಅರವತ್ತು ಸಮೀಪಿಸಿದ ನೊರೀನ್ ಅವಳ ಬೆನ್ನು ಸವರಿ, "ನಮ್ಮೂರಿನ ಕಥೆಯೂ ಇದೇ ಬಿಡು" ಅಂದಿದ್ದಳು.

ನವೆಂಬರಿನಲ್ಲಿ ಕ್ರೀಡಾಧಿಕಾರಿ ಡೆಕ್ಲನ್ ಒಬ್ಬ ಎತ್ತರದ ಯುವಕನನ್ನು ಕರೆದುಕೊಂಡು ಬಂದ. ಹೆಸರು ಓಶೀನ್. ಕೌನ್ಸಿಲರ್ ಒಬ್ಬರ ಅಕ್ಕನ ಮಗ, ಕೌಂಟಿಗೇ ಒಳ್ಳೆಯ ಆಟಗಾರ. ಸೆಪ್ಟೆಂಬರ್ ಮೂವತ್ತರೊಳಗೆ ಸೇರಿದ ವಿದ್ಯಾರ್ಥಿಗಳು ಮಾತ್ರ ಅಂತರ ಕಾಲೇಜು ಕಪ್ಪಿನಲ್ಲಿ ಆಡಬಹುದು ಎಂಬ ನಿಯಮವಿತ್ತು.

"ಅವನ ತಾಯಿಗೆ ಕ್ಯಾನ್ಸರ್, ರಜನಿ" ಎಂದ ಡೆಕ್ಲನ್, ದನಿ ತಗ್ಗಿಸಿ. "ಸೆಪ್ಟೆಂಬರ್ ಪೂರ್ತಿ ಆಸ್ಪತ್ರೆಯಲ್ಲೇ ಕಳೆದ. ಫಾರ್ಮ್ ಆಗಲೇ ತುಂಬಿದ್ದ, ಕೊಡೋದು ತಡ ಆಯ್ತು ಅಷ್ಟೆ. ಇಪ್ಪತ್ತೆಂಟು ಅಂತ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ."

ಯುವಕ ನೆಲ ನೋಡುತ್ತ ನಿಂತಿದ್ದ. ರಜನಿ ನೊರೀನಳ ಕಡೆ ನೋಡಿದಳು. ನೊರೀನ್, "ಅಯ್ಯೋ ಹಾಕು, ಏನಾಗಲ್ಲ, ಗ್ರ್ಯಾಂಡ್" ಅಂದಳು. ರಜನಿಯ ತಾಯಿ ತೀರಿಕೊಂಡಿದ್ದೂ ಅದೇ ಕಾಯಿಲೆಯಿಂದ. ಅವಳು ಸೆಪ್ಟೆಂಬರ್ ಇಪ್ಪತ್ತೆಂಟು ಅಂತ ಹಾಕಿದಳು. "ಅಮ್ಮನ್ನ ಚೆನ್ನಾಗಿ ನೋಡ್ಕೊಳಪ್ಪ" ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ ಕಳಿಸಿದಳು.

ಫೆಬ್ರವರಿಯಲ್ಲಿ ಸೆಮಿಫೈನಲ್. ಮಾನ್ಯಾ ಹದಿನಾಲ್ಕರ ಒಳಗಿನ ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು, ಓಶೀನ್ ಅಂದರೆ ಪ್ರಾಣ. ಹಟ ಹಿಡಿದು ಅಮ್ಮನನ್ನೂ ಎಳೆದುಕೊಂಡು ಹೋದಳು. ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ಅವರ ಪಕ್ಕದಲ್ಲಿ ಕೆಂಪು ಕೆನ್ನೆಯ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ಗಂಟಲು ಹರಿಯುವಂತೆ ಓಶೀನನ ಹೆಸರು ಕೂಗುತ್ತಿದ್ದಳು. ವಿರಾಮದಲ್ಲಿ ಫ್ಲಾಸ್ಕಿನಿಂದ ಮಾನ್ಯಾಗೂ ಚಹಾ ಬಗ್ಗಿಸಿ ಕೊಟ್ಟು, "ನನ್ನ ಮಗ" ಎಂದಳು.

ರಜನಿ ತಡವರಿಸಿದಳು. "ಈಗ ನಿಮ್ಮ ಆರೋಗ್ಯ?"

"ನನ್ನ ಆರೋಗ್ಯಕ್ಕೇನು? ಹೆರಿಗೆ ಬಿಟ್ರೆ ಒಂದಿನ ಹಾಸಿಗೆ ಹಿಡಿದವಳಲ್ಲ" ಎಂದು ಆಕೆ ನಕ್ಕಳು. ಮಗ ಕಾರು ಮಾರುವ ಶೋರೂಮಿನಲ್ಲಿ ದಿನವಿಡೀ ಕೆಲಸ ಮಾಡಿ, ಸಂಜೆ ಅಭ್ಯಾಸಕ್ಕೆ ಎಷ್ಟು ಕಷ್ಟಪಟ್ಟು ಬರುತ್ತಾನೆ ಎಂದು ಹೆಮ್ಮೆಯಿಂದ ಹೇಳಿದಳು. ಕಾಲೇಜಿನ ಮಾತೇ ಎತ್ತಲಿಲ್ಲ.

ಸೋಮವಾರ ರಜನಿ ಆಟಗಾರರ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಓಶೀನನಲ್ಲದೆ ಇನ್ನೂ ಐವರ ತಾರೀಖು ಬದಲಾಗಿತ್ತು. ಆರು ಜನರಲ್ಲಿ ಒಬ್ಬನೂ ಒಂದು ತರಗತಿಗೂ ಬಂದಿರಲಿಲ್ಲ, ಆದರೂ ಪರೀಕ್ಷೆಯಲ್ಲಿ ಹಾಜರಿ ಇತ್ತು. ಐದೂ ತಿದ್ದುಪಡಿ ಅವಳದೇ ಹೆಸರಿನಲ್ಲಿ ಆಗಿತ್ತು. ಅವು ಆದ ವಾರ ಅವಳು ರಜೆಯಲ್ಲಿದ್ದಳು. ಮಾನ್ಯಾಗೆ ಟಾನ್ಸಿಲ್ ಆಪರೇಷನ್ ಆಗಿ ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ ಮಗಳ ಪಕ್ಕ ಕೂತಿದ್ದಳು. ತುರ್ತಿಗೆ ಬೇಕಾಗಬಹುದೆಂದು ನೊರೀನ್ ಕೇಳಿದಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದು ಆಗ ನೆನಪಾಯಿತು.

ಮಧ್ಯಾಹ್ನ ಕಾರ್ ಪಾರ್ಕಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದಳು. ಯಾಕೆ ಅವರಿಗೇ ಮಾಡಿದೆ ಎಂದು ಆಮೇಲೆ ಅವಳಿಗೂ ಬಗೆಹರಿಯಲಿಲ್ಲ. ಬೇರೆ ಯಾರಿಗೆ ಇದು ಅರ್ಥವಾಗುತ್ತಿತ್ತು?

"ಏನಮ್ಮ, ಹಬ್ಬ ಇಲ್ಲ ಏನಿಲ್ಲ?" ಎಂದರು ಪುಟ್ಟಣ್ಣ.

"ಅಪ್ಪಾ, ಮೊದಲ ಸಲ ಎಷ್ಟು ತಗೊಂಡ್ರಿ?"

ಆ ಕಡೆ ಟೀವಿಯ ಸದ್ದು ಆರಿತು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

"ಮೊದಲ ಸಲ ಯಾರೂ ಏನೂ ಕೊಡಲಿಲ್ಲ ಮಗಾ. ಒಬ್ಳು ವಿಧವೆ, ಪತ್ರ ತಡವಾಗಿ ತಂದಿದ್ಲು. ತಾರೀಖು ಹಿಂದೆ ಹಾಕ್ಕೊಟ್ಟೆ. ಕೈ ಮುಗಿದು ಹೋದ್ಲು. ಮಾರನೇ ವಾರ ಅವಳ ಮೈದುನ ಬಂದ. ಅತ್ತಿಗೆಗೆ ಹಾಕ್ಕೊಟ್ಟೋರು ನಂಗ್ಯಾಕೆ ಹಾಕ್ಕೊಡಲ್ಲ ಅಂದ." ಆಮೇಲೆ ಕೇಳಿದರು, "ನೀನೇನಾದ್ರೂ ಹಾಕ್ಕೊಟ್ಯಾ?"

"ಹೂಂ."

"ಸುಮ್ನಿದ್ಬಿಡು. ಹೇಳಿದೋರನ್ನ ಮೊದಲು ಹಿಡೀತಾರೆ."

ಅಪ್ಪ ಹೇಳಿದ್ದಕ್ಕೇ ಇರಬೇಕು, ಅವಳಿಗೆ ಸುಮ್ಮನಿರಲಾಗಲಿಲ್ಲ. ಗುರುಪ್ರಸಾದನಿಗೆ ಹೇಳಿದಳು. ಅವನು ಲ್ಯಾಪ್‌ಟಾಪ್ ಮುಚ್ಚಿ, "ಸಿಟಿಜನ್‌ಶಿಪ್ ಅರ್ಜಿ ಹಾಕಿ ನಾಲ್ಕು ತಿಂಗಳಾಗೈತೆ ರಜನಿ. ಈಗ ಬೇಕಾ ಇದು?" ಎಂದ.

"ನಂದೇ ಹೆಸರಲ್ಲಿ ಮಾಡವ್ರೆ ರೀ. ನಾಳೆ ಅವರೇ ಎಲ್ಲ ನಂದೇ ಕೆಲಸ ಅಂದ್ರೆ?"

ಪ್ರಾಂಶುಪಾಲರಿಗೆ ಎರಡು ಪುಟದ ಪತ್ರ ಬರೆದಳು. ತಾನು ಹಾಕಿದ ಸೆಪ್ಟೆಂಬರ್ ಇಪ್ಪತ್ತೆಂಟನ್ನು ಮೊದಲ ಪ್ಯಾರಾದಲ್ಲೇ ಒಪ್ಪಿಕೊಂಡಳು. ಒಂದು ತಿಂಗಳು ಉತ್ತರ ಬರಲಿಲ್ಲ. ಅಷ್ಟರಲ್ಲಿ ತಂಡ ಕಪ್ ಗೆದ್ದು ತೆರೆದ ಬಸ್ಸಿನಲ್ಲಿ ಊರು ಸುತ್ತಿತು. ಆಮೇಲೆ ಹೇಗೋ ಸುದ್ದಿ ಡಬ್ಲಿನ್ನಿನ ಪತ್ರಿಕೆಗೆ ಹೋಯಿತು. ರಜನಿ ಕೊಟ್ಟಿದ್ದಲ್ಲ, ಆದರೆ ನಂಬುವವರು ಯಾರು? ಹಳೆಯ ಲಕೋಟೆ ಕಥೆಗಳನ್ನೆಲ್ಲ ಮತ್ತೆ ಕೆದಕಿ, ಈ ಕೌಂಟಿಯವರು ಫುಟ್‌ಬಾಲನ್ನೂ ಬಿಡಲಿಲ್ಲ ಎಂದು ಬರೆದರು. ಊರು ಉರಿದುಹೋಯಿತು.

ಓಶೀನನ ಮಾವ, ಆ ಕೌನ್ಸಿಲರ್, ಸ್ಥಳೀಯ ರೇಡಿಯೊದಲ್ಲಿ ಮಾತಾಡಿದರು. "ನಮ್ಮ ಮಕ್ಕಳಿಗೆ ಆಡೋದು ಮಾತ್ರ ಗೊತ್ತು. ದಾಖಲೆ ತಿದ್ದಿದ್ದು ಯಾರ ಕೈ ಅನ್ನೋದನ್ನ ನೋಡಬೇಕು. ಎಲ್ಲೋ ದೂರದಲ್ಲಿ ನಡೆಯೋ ರೀತಿಯನ್ನ ನಮ್ಮ ಕೌಂಟಿಗೆ ತರೋದಕ್ಕೆ ಬಿಡಲ್ಲ." ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಮರುದಿನ ಬೇಕರಿಯವಳು ರಜನಿಗೆ ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರಿನ ಮೇಲಿಟ್ಟಳು.

ಮೇ ತಿಂಗಳಲ್ಲಿ ವಿಚಾರಣೆ. ಉದ್ದ ಮೇಜಿನ ಆ ಕಡೆ ಮೂವರು, ಅವರಲ್ಲೊಬ್ಬ ವಕೀಲ. ಗೋಡೆ ಬದಿಯ ಕುರ್ಚಿಯಲ್ಲಿ ನೊರೀನ್. ಆಸ್ಪತ್ರೆಯ ಕಾಗದಗಳನ್ನೆಲ್ಲ ರಜನಿ ಜೋಡಿಸಿ ತಂದಿದ್ದಳು. ವಕೀಲ ಅವನ್ನು ನೋಡಿ, ಗೌರವದಿಂದಲೇ ಪಕ್ಕಕ್ಕಿಟ್ಟ.

"ಪಾಸ್‌ವರ್ಡ್ ಬರೆದುಕೊಟ್ಟಿದ್ದು ನೀವೇ?"

"ಹೌದು. ನೊರೀನ್ ಕೇಳಿದ್ರು."

"ಅವರು ಕೇಳಿಲ್ಲ ಅಂತ ಹೇಳ್ತಾರೆ." ಅವನು ಹಾಳೆ ತಿರುವಿದ. "ನಿಮ್ಮ ರಾಜ್ಯದಲ್ಲಿ ಸರ್ಕಾರಿ ದಾಖಲೆ ತಿದ್ದೋದು ಮಾಮೂಲಿ ಅಂತ ಕೇಳಿದ್ದೀನಿ. ನಿಮ್ಮ ತಂದೆಯವರೂ ದಾಖಲೆಗಳ ಕೆಲಸದಲ್ಲೇ ಇದ್ರಂತೆ?"

ರಜನಿ ನೊರೀನಳನ್ನು ನೋಡಿದಳು. ನೊರೀನ್ ಕನ್ನಡಕ ಒರೆಸುತ್ತಿದ್ದಳು. ಇನ್ನೆರಡು ವರ್ಷದಲ್ಲಿ ಅವಳಿಗೆ ನಿವೃತ್ತಿ, ಗಂಡನಿಗೆ ಕೌನ್ಸಿಲಿನಲ್ಲೇ ಕೆಲಸ. ಅದೆಲ್ಲ ರಜನಿಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ಕೂಡ ಸರಿಯಾಗಿ ಬರಲಿಲ್ಲ.

"ಇದ್ರು" ಎಂದಳು. "ಸಿಕ್ಕಿಬಿದ್ರು. ಶಿಕ್ಷೆನೂ ಆಯ್ತು. ನಮ್ಮಲ್ಲಿ ಒಬ್ಬೊಬ್ಬರಿಗಾದ್ರೂ ಆಗುತ್ತೆ."

ಆ ಮಾತು ಉದ್ಧಟತನವೆಂದು ವರದಿಯಲ್ಲಿ ದಾಖಲಾಯಿತು. ಐದು ತಿದ್ದುಪಡಿಗಳನ್ನು ಯಾರು ಮಾಡಿದರೆಂದು ಖಚಿತವಾಗಿ ಹೇಳಲಾಗದು, ವ್ಯವಸ್ಥೆಯಲ್ಲಿ ಲೋಪವಿತ್ತು ಎಂದು ಬರೆದರು. ಒಂದನ್ನು ಮಾತ್ರ ಸಿಬ್ಬಂದಿಯೊಬ್ಬರು ತಾವೇ ಒಪ್ಪಿಕೊಂಡಿದ್ದಾರೆ ಎಂದೂ ಸೇರಿಸಿದರು. ಆ ಒಂದಕ್ಕೆ ರಜನಿಯ ಕೆಲಸ ಹೋಯಿತು. ಆಟಗಾರರಿಗೆ ಇದು ತಿಳಿದಿರಲಿಲ್ಲವೆಂದು ಕಪ್ ಕಾಲೇಜಿನಲ್ಲೇ ಉಳಿಯಿತು. ಡೆಕ್ಲನ್‌ಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಬೇಸಿಗೆ ಕಳೆಯುವಷ್ಟರಲ್ಲಿ ಬಡ್ತಿಯೂ ಸಿಕ್ಕಿತು.

ಆಮೇಲೆ ರಜನಿ ಹನ್ನೊಂದು ಕಡೆ ಅರ್ಜಿ ಹಾಕಿದಳು. ಲೆಟರ್‌ಕೆನ್ನಿಯಷ್ಟು ದೂರದ, ದೇಶದ ಇನ್ನೊಂದು ತುದಿಯ ಕೆಲಸಕ್ಕೂ ಹಾಕಿದಳು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ನಿಜವನ್ನೇ ಬರೆದಳು. ಮೂರು ಕಡೆಯಿಂದ ಮಾತ್ರ ಉತ್ತರ ಬಂತು, ಮೂರೂ ಒಂದೇ ಥರ ಇದ್ದವು. ಈಗ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಬೆಳಗಿನ ಹೊತ್ತು ಆಲೂಗಡ್ಡೆ ಸುಲಿಯುತ್ತಾಳೆ. ಸಿಟಿಜನ್‌ಶಿಪ್ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಗುರುಪ್ರಸಾದ ಜಗಳ ಮಾಡಲಿಲ್ಲ, ನಾನು ಹೇಳಿದ್ದೆ ಎಂದೂ ಅನ್ನಲಿಲ್ಲ. ಅವರ ನಡುವೆ ಮಾತೇ ಕಮ್ಮಿಯಾಯಿತು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದಾಗ ಮಾನ್ಯಾ ಫುಟ್‌ಬಾಲ್ ಬಿಟ್ಟಳು. ಕೋಚ್ ಹೆಂಗಸು ಮನೆಗೇ ಬಂದಳು, ಒಳ್ಳೆಯವಳು. "ಅವಳಿಲ್ಲದೆ ನಮ್ಮ ಡಿಫೆನ್ಸೇ ಇಲ್ಲ" ಎಂದಳು. ಅಂದು ಸಂಜೆ ರಜನಿ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಮೈದಾನದ ಗೇಟಿನವರೆಗೆ ಕರೆದುಕೊಂಡು ಹೋದಳು.

"ಯಾರೋ ಮಾಡಿದ್ದಕ್ಕೆ ನೀನ್ಯಾಕೆ ಬಿಡ್ಬೇಕು ಪುಟ್ಟಿ? ಹೋಗು, ಆಡು."

ಮಾನ್ಯಾ ಸೀಟ್‌ಬೆಲ್ಟ್ ಬಿಚ್ಚಲಿಲ್ಲ. "ಯಾರೂ ನಂಗೆ ಪಾಸ್ ಕೊಡಲ್ಲ, ಅಮ್ಮಾ" ಎಂದಳು. ಕನ್ನಡದಲ್ಲೇ ಹೇಳಿದಳು, ಹೊರಗೆ ನಿಂತವರಿಗೆ ತಿಳಿಯಬಾರದೆಂದು.

ರಜನಿ ಕಾರು ತಿರುಗಿಸಿದಳು. ಆ ಶನಿವಾರ ತಂಡ ಹದಿನಾಲ್ಕೇ ಹುಡುಗಿಯರನ್ನಿಟ್ಟುಕೊಂಡು ಆಡಿ ಸೋತಿತು. ಅದರ ಮುಂದಿನ ಶನಿವಾರದ ಹೊತ್ತಿಗೆ ಹದಿನೈದನೆಯವಳು ಸಿಕ್ಕಿದ್ದಳು.