ನೆರಳಕ್ಕನ ಶಿಶುವಿಹಾರ

ನಮ್ಮಕ್ಕ ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಾಳೆ, ಆಮೇಲೆ ಮನೆಯವರನ್ನು. ಪಡುವಣ ಗೋಡೆಗೆ ಅಂಗೈ ಒತ್ತಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿದವಳಂತೆ ಮುಖ ಮಾಡುತ್ತಾಳೆ. ಸೋದರಮಾವನ ಹೊಸ ಮನೆಯಲ್ಲಿ ಹೀಗೆ ಮಾಡಿ, "ಪಾಪ, ಇದಕ್ಕೊಂದು ಸಜ್ಜಾನಾದ್ರೂ ಹಾಕಿಸ್ಬಾರದಿತ್ತಾ" ಎಂದಿದ್ದಕ್ಕೆ ಅತ್ತೆ ಬಹಳ ದಿನ ನಮ್ಮ ಜೊತೆ ಮಾತು ಬಿಟ್ಟಿದ್ದರು.

ಗಾರೆಯವರು ಅವಳಿಗಿಟ್ಟ ಹೆಸರು ನೆರಳಕ್ಕ. ಆದಷ್ಟು ಕಡಿಮೆ ಕರೆಂಟು ಬೇಡುವ ಕಟ್ಟಡಗಳನ್ನು ವಿನ್ಯಾಸ ಮಾಡಿ, ನಿಂತು ಕಟ್ಟಿಸುವುದು ಅವಳ ಕಸುಬು. ಅವಳು ಗೀಚಿದ್ದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಎಳೆಯುವುದು, ಚಹಾ ತರುವುದು ಮತ್ತು ಬೈಸಿಕೊಳ್ಳುವುದು ನನ್ನ ಕಸುಬು. ಬೇರೆಲ್ಲೂ ಗತಿಯಿಲ್ಲದೆ ನಾನು ಅವಳ ಬಳಿ ಬಂದೆ ಎಂದು ಅವಳು, ಬೇರೆ ಯಾರೂ ನಿಲ್ಲದ್ದಕ್ಕೆ ನನ್ನನ್ನು ಇಟ್ಟುಕೊಂಡಳು ಎಂದು ನಾನು. ಸಂಬಳ ಸರಿಯಾಗಿ ಬರುತ್ತದೆ, ಹಾಗಾಗಿ ಆ ವಾದವನ್ನು ನಾನೇ ಬೇಗ ಸೋಲುತ್ತೇನೆ.

ನಮ್ಮ ಆಫೀಸು ಟೈರ್ ಅಂಗಡಿಯ ಮೇಲಿನ ತಗಡಿನ ಕೋಣೆ. ಅದಕ್ಕಿಂತ ಒಳ್ಳೆಯದು ನಮ್ಮ ಕೈಗೆಟುಕಿಲ್ಲ. ಊರವರಿಗೆಲ್ಲ ತಂಪು ಮನೆ ಮಾಡಿಕೊಡುವವರು ಮಧ್ಯಾಹ್ನವಿಡೀ ಬಾಣಲೆಯಲ್ಲಿ ಕೂತಂತೆ ಬೇಯುವುದನ್ನು ನೋಡಿ ಕೆಳಗಿನ ಅಂಗಡಿಯವನಿಗೆ ಎಲ್ಲಿಲ್ಲದ ಸಂತೋಷ.

ಕೊನೆಗೊಮ್ಮೆ ಅಕ್ಕನಿಗೆ ಅಡಿಪಾಯದಿಂದ ಸೂರಿನವರೆಗೂ ಅವಳದೇ ಎನ್ನುವಂಥ ಕೆಲಸ ಸಿಕ್ಕಿತು. ಅದೊಂದು ಶಿಶುವಿಹಾರ. ಎಸಿ ಇಲ್ಲದೆಯೇ ಮಕ್ಕಳು ಮಧ್ಯಾಹ್ನ ನೆಮ್ಮದಿಯಾಗಿ ಮಲಗುವ ಹಾಗೆ ಕಟ್ಟುತ್ತೇನೆಂದು ಅಲ್ಲಿನ ಮೇಡಂಗೆ ಮಾತು ಕೊಟ್ಟಳು. ಬಿಸಿ ದಾಟದಂತೆ ನಡುವೆ ಟೊಳ್ಳು ಬಿಟ್ಟ ಎರಡು ಪದರದ ಗೋಡೆ, ಬಿಸಿಲನ್ನು ಹೊಸ್ತಿಲಾಚೆಯೇ ತಡೆಯುವ ಅಗಲವಾದ ಸಜ್ಜಾ, ತಾರಸಿಗೆ ಬಿಳಿ ಬಿಲ್ಲೆ, ಸೂರಿನಂಚಿನಲ್ಲಿ ಸಾಲು ವೆಂಟಿಲೇಟರು. ಗೋಡೆಯ ಟೊಳ್ಳಿಗೆ ಗಾರೆ ಬಿದ್ದಿದೆಯೇ ಎಂದು ಏಣಿ ಹತ್ತಿ ಟಾರ್ಚು ಬಿಟ್ಟು ನೋಡುತ್ತಿದ್ದಳು. ಒಂದು ಮುದ್ದೆ ಬಿದ್ದಿದ್ದರೂ ತೆಗೆಸಿಯೇ ಕೆಳಗಿಳಿಯುತ್ತಿದ್ದದ್ದು. ಏಣಿ ಹಿಡಿದು ನಿಂತವನು ನಾನು. ನನ್ನ ಕತ್ತು ಇನ್ನೂ ಸರಿಹೋಗಿಲ್ಲ.

ಮಕ್ಕಳು ಬಂದರು, ಬೇಸಿಗೆಯೂ ಬಂತು. ಮೇಡಂ ಕರೆಸಿದರು. ಹೋಗಿ ನೋಡಿದರೆ ಮಲಗುವ ಕೋಣೆ ನಮ್ಮ ಆಫೀಸಿಗೆ ಸ್ವಂತ ತಂಗಿಯಂತಿತ್ತು. ಮಕ್ಕಳು ಚಾಪೆಯ ಮೇಲೆ ಬೆವರಿ ಹೊರಳಾಡುತ್ತಿದ್ದವು.

"ನಿಮ್ಮ ಮೇಲೆ ಗೌರವ ಇದೆ ಕಣ್ರೀ" ಎಂದರು ಮೇಡಂ. "ಆದ್ರೆ ಮಕ್ಕಳ ಮೈಯೆಲ್ಲ ಬೆವರುಸಾಲೆ. ಈ ವಾರ ನೋಡ್ತೀನಿ. ಆಮೇಲೆ ಗೋಡೆ ಕೊರೆಸಿ ಎಸಿ ಹಾಕಿಸ್ತೀನಿ."

ಅಕ್ಕ ತಲೆಯಾಡಿಸಿದಳು. ತಂಪು ಕಟ್ಟಡಕ್ಕೆ ಎಸಿ ಬಿತ್ತೆಂದರೆ ಊರಲ್ಲಿ ಅವಳ ಮಾತಿಗೆ ಇನ್ಯಾರೂ ಕಿವಿಗೊಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ವಾಪಸು ಬಂದು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದಳು. ನಾನು ಸಜ್ಜಾದ ಅಳತೆಯನ್ನೇ ತಪ್ಪಾಗಿ ಎಳೆದಿರಬಹುದೆಂದು ನಕ್ಷೆಯನ್ನೆಲ್ಲ ಜಾಲಾಡಿದೆ. ಜೀವನದಲ್ಲಿ ಮೊದಲ ಸಲ ನನ್ನ ತಪ್ಪಿರಲಿಲ್ಲ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಮಾರನೆಯ ದಿನ ಸಂಜೆ ಶಿಶುವಿಹಾರದ ಮೆಟ್ಟಿಲ ಮೇಲೆ ಕೂತಿದ್ದೆವು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಕಾವಲುಗಾರ ಉದ್ದನೆಯ ಕೋಲು ಹಿಡಿದು ಬಂದ. ಶಿಳ್ಳೆ ಹಾಕುತ್ತ ಒಂದೊಂದೇ ಕಿಟಕಿ, ಒಂದೊಂದೇ ವೆಂಟಿಲೇಟರು ಮುಚ್ಚಿ, ಚಿಲಕ ಎಳೆದೆಳೆದು ನೋಡಿದ. ಬೆಳಿಗ್ಗೆ ಎಲ್ಲ ತೆಗೆಯುತ್ತೀಯಾ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಮತ್ತೆ? ಮಕ್ಕಳಿಗೆ ಗಾಳಿ ಬೇಡವೇ, ಸಂಜೆವರೆಗೂ ಒಂದನ್ನೂ ಮುಚ್ಚುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ.

ಆ ಕಟ್ಟಡ ನಡೆಯಬೇಕಾದದ್ದು ಸರಿಯಾಗಿ ಇದರ ತಿರುವುಮುರುವಾಗಿ. ರಾತ್ರಿ ಎಲ್ಲ ತೆರೆದಿಟ್ಟು ತಂಗಾಳಿಗೆ ಗೋಡೆಗಳನ್ನು ಆರಲು ಬಿಡಬೇಕು, ಬಿಸಿಲೇರುವ ಮುಂಚೆ ಎಲ್ಲ ಮುಚ್ಚಿ ಆ ತಂಪನ್ನು ಒಳಗೇ ಹಿಡಿದಿಡಬೇಕು. ಇದನ್ನು ಅಕ್ಕ ನನಗೆ ಹೇಳಿದ್ದಳು, ಮೇಸ್ತ್ರಿಗೆ ಹೇಳಿದ್ದಳು, ಮೇಡಂಗೆ ಬಣ್ಣದ ಚಿತ್ರ ಬರೆದು ತೋರಿಸಿದ್ದಳು. ಬೀಗದ ಕೈ ಯಾರ ಸೊಂಟದಲ್ಲಿತ್ತೋ ಅವನೊಬ್ಬನಿಗೆ ಹೇಳಿರಲಿಲ್ಲ.

ಈಗ ಹೇಳಿದಳು. ಅವನು ಇವಳಿಗೆ ಬಿಸಿಲು ನೆತ್ತಿಗೇರಿದೆಯೇನೋ ಎಂಬಂತೆ ನನ್ನ ಕಡೆ ನೋಡಿದ.

"ರಾತ್ರಿ ಎಲ್ಲ ತೆರೆದಿಡೋದಾದ್ರೆ ನಾನ್ಯಾಕಮ್ಮ ಬೇಕು? ಆ ವೆಂಟಿಲೇಟರ್ ಸಂದೀಲಿ ಸಣ್ಣ ಆಳು ಆರಾಮಾಗಿ ತೂರ್ತಾನೆ. ಬೇಕಾದ್ರೆ ನಿಮ್ಮ ತಮ್ಮನ್ನೇ ಹತ್ತಿಸಿ ನೋಡಿ."

ಹತ್ತಿಸಿದಳು. ನಾನು ಆರಾಮಾಗಿ ತೂರಿದೆ.

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಅಳುತ್ತಾಳೇನೋ ಎಂದುಕೊಂಡೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸರಳು ಹಾಕಿದರೆ ಅಂದ ಕೆಡುತ್ತದೆಂದು ಬೇಡವೆಂದವಳು ಅವಳೇ.

"ಲೋ, ಗಾಳಿಗೆ ದಾರಿ ಮಾಡ್ತಾ ಮಾಡ್ತಾ ಕಳ್ಳನಿಗೂ ಮಾಡಿಬಿಟ್ನಲ್ಲೋ" ಎಂದಳು. ಆಮೇಲೆ ಕಾವಲುಗಾರನ ಕಡೆ ತಿರುಗಿ, "ನೀವು ಮಾಡಿದ್ದೇ ಸರಿ ಅಣ್ಣ. ನಂದೇ ತಪ್ಪು" ಎಂದಳು.

ಬೆಳಗಾಗುತ್ತಲೇ ವೆಲ್ಡಿಂಗಿನವನನ್ನು ಹಿಡಿದು ತಂದಳು. ಎಲ್ಲ ಕಿಟಕಿ, ವೆಂಟಿಲೇಟರಿಗೆ ಸರಳು ಬಂತು, ಸೊಳ್ಳೆಜಾಲರಿ ಬಂತು. ಏನಾದರೂ ಕಳುವಾದರೆ ಕಾವಲುಗಾರನನ್ನು ದೂರುವುದಿಲ್ಲವೆಂದು ಮೇಡಂ ಅವನೆದುರಿಗೇ ಒಪ್ಪಿಕೊಂಡರು. ಅವನು ಸರಳುಗಳನ್ನು ಜಗ್ಗಿ ನೋಡಿ, ನನ್ನನ್ನು ಇನ್ನೊಮ್ಮೆ ಹತ್ತಿಸಿ, ನಾನು ತೂರಲಾರೆನೆಂದು ಖಾತ್ರಿಯಾದ ಮೇಲೆಯೇ ಹೂಂ ಅಂದದ್ದು.

ಕಾದ ಗೋಡೆ ಒಂದೇ ರಾತ್ರಿಗೆ ಆರಲಿಲ್ಲ. ಅಕ್ಕ ಊಟದ ತಟ್ಟೆಯ ಮುಂದೆ ಕೂತು ಗೋಡೆಯನ್ನೇ ನೆನೆಯುತ್ತಿದ್ದಳು. ವಾರದ ಕೊನೆಯ ಮಧ್ಯಾಹ್ನ ಇಬ್ಬರೂ ಹೋದೆವು. ಒಳಗೆ ಮಬ್ಬು ಬೆಳಕು, ಸದ್ದಿಲ್ಲ. ಅಕ್ಕ ಚಪ್ಪಲಿ ಬಿಟ್ಟು ಹೋಗಿ ಗೋಡೆಗೆ ಅಂಗೈ ಒತ್ತಿದಳು, ಬಹಳ ಹೊತ್ತು ತೆಗೆಯಲಿಲ್ಲ. ಮಕ್ಕಳೆಲ್ಲ ನಿದ್ದೆಯಲ್ಲಿದ್ದವು. ಒಂದು ಮಗುವಂತೂ ಪಕ್ಕದ ಮಗುವಿನ ಹೊದಿಕೆ ಎಳೆದುಕೊಂಡಿತ್ತು.

ಮೇಡಂ ಬಂದರು. ಕೋಣೆ ಕತ್ತಲೆನಿಸಿತೋ ಏನೋ, ಅಭ್ಯಾಸಬಲದಿಂದ ಕಿಟಕಿ ತೆರೆಯಲು ಚಿಲಕಕ್ಕೆ ಕೈ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಪಿಸುಗುಟ್ಟಿದ: "ಮುಟ್ಬೇಡಿ ಮೇಡಂ. ಬಿಸಿ ಒಳಗೆ ಬರುತ್ತೆ."

ಮೇಡಂ ಕೈ ಹಿಂದಕ್ಕೆಳೆದುಕೊಂಡರು. ಹೊದಿಕೆ ಕಳೆದುಕೊಂಡ ಮಗುವನ್ನೊಮ್ಮೆ ನೋಡಿ, ಎಸಿಯವರಿಗೆ ಬರಬೇಡಿ ಎಂದು ಹೇಳಲು ಫೋನು ಹಿಡಿದು ಹೊರಗೆ ಹೋದರು.

ಅಂದಿನಿಂದ ಕಾವಲುಗಾರ ದಿನಾ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, "ಮುಚ್ಚಿದೆ ಅಮ್ಮ" ಎಂದಷ್ಟೇ ಹೇಳಿ ಇಡುತ್ತಾನೆ. ಆ ಫೋನು ಬರುವವರೆಗೆ ಅವಳು ಚಹಾ ಮುಟ್ಟುವುದಿಲ್ಲ. ನಾನು ತಂದ ಚಹಾ ಆರಿಹೋಗುತ್ತದೆ. ನಮ್ಮ ಆಫೀಸಿನಲ್ಲಿ ತಣ್ಣಗಾಗುವುದು ಸದ್ಯಕ್ಕೆ ಅದೊಂದೇ.