ಊಟ ಕೇಳೋ ಮೇಡಂ

ಈ ಬೆಳಿಗ್ಗೆ ಸಕ್ಕರೆ ಡಬ್ಬಿಯ ತಳದಲ್ಲಿ ನನ್ನ ಹಳೆಯ ಸ್ಟೀಲ್ ಬಟ್ಟಲು ಸಿಕ್ಕಿತು. ಒಳಗೆ ಸುತ್ತಲೂ ಅಳತೆಯ ಗೀರುಗಳಿವೆ. ಮನೆಯವರಿಗೆಲ್ಲ ಅದು ಸಕ್ಕರೆ ತೋಡುವ ಬಟ್ಟಲು. ನನಗೆ ಮಾತ್ರ, ನಗಬೇಡಿ, ಪೊಲೀಸರಿಗೆ ಲಾಠಿ ಇದ್ದ ಹಾಗೆ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊಸಪೇಟೆಯಲ್ಲಿ ಬಸ್ಸು ಹತ್ತಿ, ಗುರುತು ಪರಿಚಯ ಇಲ್ಲದವರ ಮನೆಗೆ ಹೋಗಿ, ನಿನ್ನೆ ಏನು ಉಂಡಿರಿ, ಎಷ್ಟು ಉಂಡಿರಿ ಎಂದು ಕೇಳುವುದೇ ಒಂದು ಕಾಲಕ್ಕೆ ನನ್ನ ನೌಕರಿಯಾಗಿತ್ತು. ಜನರ ಆಹಾರದ ಸಮೀಕ್ಷೆ. ಇದಕ್ಕೂ ಸಂಬಳ ಕೊಡುತ್ತಾರೆಂದು ನನ್ನ ಗಂಡ ಬಹಳ ದಿನ ನಂಬಿರಲಿಲ್ಲ.

ಸುಲಭದ ಕೆಲಸ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ "ಊಟ ಆತೇನ್ರಿ?" ಅನ್ನುವುದು ನಮಸ್ಕಾರ ಇದ್ದ ಹಾಗೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಆತ್ರಿ, ನಿಮ್ದು?" ಅನ್ನುವುದು ಮರ್ಯಾದೆ. ನಾನು ಹಾಗೆ ಕೇಳಿ, ಅವರು ಹಾಗೆ ಹೇಳಿ, ಮೊದಲ ವಾರದ ನನ್ನ ಹಾಳೆಗಳಲ್ಲಿ ಇಡೀ ಕಂಪ್ಲಿ ಸೀಮೆ ಬೆಳಗಿನ ಚಹಾದ ಹೊತ್ತಿಗೇ ಮಧ್ಯಾಹ್ನದ ಊಟ ಮುಗಿಸಿ ಕೂತಿತ್ತು.

ಪ್ರಶ್ನಾವಳಿಯದು ಇನ್ನೊಂದು ಪಜೀತಿ. ಎಲ್ಲೋ ದೂರದಲ್ಲಿ ಅಚ್ಚಾದದ್ದು. ಅದರಲ್ಲಿ ರಾಗಿಮುದ್ದೆ ಇತ್ತು, ಮೀನುಸಾರು ಇತ್ತು. ನಮ್ಮ ಪುಂಡಿಪಲ್ಯ, ಗುರೆಳ್ಳು ಪುಡಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಯಾವುದೂ ಇರಲಿಲ್ಲ. ಎಲ್ಲವನ್ನೂ "ಇತರೆ" ಎಂಬ ಸಣ್ಣ ಚೌಕದಲ್ಲಿ ತುರುಕಬೇಕು. ಸಂಡೂರಿನ ಗಣಿ ಲಾರಿ ಡ್ರೈವರನ ತಿಂಡಿಯೂ ಇತರೆ, ಹಂಪಿಯಲ್ಲಿ ಫಾರಿನ್ನವರ ಜೊತೆ ಓಡಾಡುವ ಗೈಡ್ ಬಾಯಿ ತುಂಬ ಹೆಸರು ಹೇಳಿದ ಪಾಸ್ತಾವೂ ಇತರೆ. ನಮ್ಮ ಊಟ ಇತರೆ ಆಗುವುದು ನನಗೆ ಸಹಿಸಲಾಗಲಿಲ್ಲ. ಚೌಕ ತುಂಬಿದರೆ ಹಾಳೆಯ ಹಿಂದೆ ಬರೆದೆ. ಜಂಬ ಅನ್ನಿ ಬೇಕಾದರೆ.

ಬರುಬರುತ್ತಾ ಒಂದು ಉಪಾಯ ಕೈಗೆ ಹತ್ತಿತು. ಹೆಂಗಸರಿಗೆ ತಾವು ಉಂಡದ್ದು ನೆನಪಿರುವುದಿಲ್ಲ. ಯಾರಿಗೆ ಏನು ಬಡಿಸಿದೆವು ಅನ್ನುವುದು ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ "ಏನು ಉಂಡಿರಿ" ಅನ್ನುವುದು ಬಿಟ್ಟು, "ನಿನ್ನೆ ಏನು ಮಾಡಿದ್ರಿ, ಯಾರ್ಯಾರಿಗೆ ಹಾಕಿದ್ರಿ" ಎಂದು ಕೇಳತೊಡಗಿದೆ. ಮನೆಯವರಿಗೆಲ್ಲ ಹಂಚಿ ಉಳಿದದ್ದು ಒಲೆಯ ಮುಂದೆ ಕೂತವಳ ಪಾಲು.

ಎಮ್ಮಿಗನೂರಿನಲ್ಲಿ ಹಂಪಮ್ಮ ಅಂತ ಒಬ್ಬ ಅತ್ತೆ. ಭತ್ತದ ಗದ್ದೆ, ಕಟ್ಟಿದ ಎಮ್ಮೆ, ಅಂಗಳದಲ್ಲಿ ಕೋಳಿ, ಯಾವುದಕ್ಕೂ ಕಡಿಮೆ ಇಲ್ಲದ ಮನೆ. ನಾನು ಕೇಳಬೇಕಾದದ್ದು ಸೊಸೆ ಹುಲಿಗೆಮ್ಮನನ್ನು. ಆಕೆ ತುಂಬಿದ ಬಸುರಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬೆಳ್ಳಗೆ. ಆಸ್ಪತ್ರೆಯಲ್ಲಿ ರಕ್ತ ಕಮ್ಮಿ, ಹೆರಿಗೆ ಕಷ್ಟ ಆದೀತು ಅಂದಿದ್ದರಂತೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದಳು.

"ಬರ್ಕಳ್ರಿ. ಹಾಲು, ತುಪ್ಪ, ತತ್ತಿ, ಕಾಯಿಪಲ್ಯ. ನಮ್ಮನ್ಯಾಗ ಉಣ್ಣಾಕ ಏನ್ ಕಮ್ಮಿ ಐತ್ರಿ?"

"ಭಾಳ ಚಲೋ ಆತಮ್ಮ. ನಿನ್ನಿ ರೊಟ್ಟಿ ಯಾರ್ಯಾರಿಗೆ ಹಾಕಿದ್ರಿ?" ಎಂದೆ.

ಹಂಪಮ್ಮ ಹುರುಪಿನಿಂದ ಬೆರಳು ಮಡಚುತ್ತಾ ಹೋದಳು. ಗಂಡಸರ ಬುತ್ತಿಗೆ ಇಷ್ಟು, ಶಾಲೆಗೆ ಹೋಗುವ ಕಿರಿಮಗನಿಗೆ ಇಷ್ಟು, ತತ್ತಿಯೂ ಅವನಿಗೇ, ಹಾಲು ಡೈರಿಗೆ, ಬಂದ ಬೀಗರಿಗೆ ತುಪ್ಪ, ತನಗೆ ಒಂದು. "ಆಮ್ಯಾಗ ಈಕಿಗೆ..." ಅಂದವಳು ಬೆರಳು ಹಿಡಿದುಕೊಂಡೇ ನಿಂತಳು. ಲೆಕ್ಕದಲ್ಲಿ ಸೊಸೆಗೆ ಉಳಿದಿದ್ದದ್ದು ಮುರಿದ ಅರ್ಧ ರೊಟ್ಟಿ, ಗುರೆಳ್ಳು ಪುಡಿ, ನೀರು ಮಜ್ಜಿಗೆ. ಹುಲಿಗೆಮ್ಮ ತಲೆ ಎತ್ತಲಿಲ್ಲ.

"ರೊಟ್ಟಿ ಬಡಿಯಾಕಿ ಕಡೀಕೇ ಉಣ್ಣಾದ್ರಿ. ನಾನೂ ಹಂಗ ಉಂಡೀನಿ," ಅಂದಳು ಹಂಪಮ್ಮ. ಹಾಳೆಗೆ ಕೈ ಅಡ್ಡ ಹಿಡಿದು, "ಇದನ್ನ ಬರಿಬ್ಯಾಡ್ರಿ. ನಾಳೆ ಬಂದು ಕೇಳ್ರಿ," ಅಂದಳು.

ಅವಳು ಕೆಟ್ಟವಳಲ್ಲ. ಅವಳಿಗೆ ಮನೆಯ ಮರ್ಯಾದೆಯ ಚಿಂತೆ, ನನಗೆ ಆ ಹುಡುಗಿಯ ಚಿಂತೆ. "ನಿನ್ನಿ ಉಂಡದ್ದನ್ನ ಬರೀಬೇಕಮ್ಮ," ಎಂದು ಅವಳ ಎದುರಿಗೇ ಅರ್ಧ ರೊಟ್ಟಿ ಎಂದು ಬರೆದೆ. "ಇನ್ನೊಂದ್ ಸಲ ಬರ್ತೀನಿ. ಯಾವಾಗ ಅಂತ ಹೇಳಂಗಿಲ್ಲ." ಆವತ್ತು ನನಗೆ ಚಹಾ ಸಿಗಲಿಲ್ಲ. ನಮ್ಮ ಕಡೆ ಚಹಾ ಇಲ್ಲದೆ ಕಳಿಸುವುದೆಂದರೆ ಬೈದು ಕಳಿಸಿದ್ದಕ್ಕಿಂತ ಹೆಚ್ಚು.

ಕೆಲವು ದಿನ ಬಿಟ್ಟು, ಹೇಳದೆ ಕೇಳದೆ ಹೋದೆ. ಈ ಸಲವೂ ಚಹಾ ಸಿಗಲಾರದು ಅಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಹಂಪಮ್ಮ ನನ್ನನ್ನು ನೋಡಿದವಳೇ ಚಾಪೆ ಹಾಸಿ, "ಕುಂದ್ರಿ. ಆಕಿನ್ನೇ ಕೇಳ್ರಿ. ನಾ ಇಲ್ಲಿ ಇರಂಗಿಲ್ಲ," ಎಂದು ಸೆರಗು ಕೊಡವಿ ಹೊರಗಿನ ಕಟ್ಟೆಗೆ ಹೋಗಿ ಕೂತಳು, ಬೆನ್ನು ನೆಟ್ಟಗೆ ಮಾಡಿಕೊಂಡು.

ಹುಲಿಗೆಮ್ಮ ಮೆಲ್ಲಗೆ ಹೇಳಿದಳು: "ಬಿಸಿ ರೊಟ್ಟಿ ಎರಡ್ರಿ. ಪುಂಡಿಪಲ್ಯ, ತತ್ತಿ. ರಾತ್ರಿ ಹಾಲು. ಅತ್ತಿ ರೊಟ್ಟಿ ಬಡದ್ರು, ನಾ ಮೊದ್ಲು ಉಂಡೆ." ಬಟ್ಟಲು ಕೊಟ್ಟರೆ ಹಾಲು ಎಷ್ಟೆಂದು ಗೀರಿನ ತನಕ ನೀರು ಹಾಕಿ ತೋರಿಸಿದಳು. ಆವತ್ತು ಚಹಾ ಎರಡು ಸಲ ಬಂತು.

ಎರಡೂ ಹಾಳೆ ನೋಡಿದ ನಮ್ಮ ಸೂಪರ್‌ವೈಸರ್ ಸಿಡುಕಿದರು. ನಾವು ಕೇಳಿದ್ದರಿಂದಲೇ ಊಟ ಬದಲಾದರೆ ಲೆಕ್ಕ ಕೆಟ್ಟಂತೆ, ನಮ್ಮ ಕೆಲಸ ಅಳೆಯುವುದು, ಬದಲಾಯಿಸುವುದಲ್ಲ ಅಂದರು. ಅವರು ಹೇಳಿದ್ದು ನಿಜವೇ. ನಾನು ತಲೆ ತಗ್ಗಿಸಿ ನಿಂತೆ, ಆದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಅಂಥ ಒಳ್ಳೆಯ ಕೆಲಸವನ್ನು ನಾನು ಆಮೇಲೆ ಮಾಡಿದ್ದು ನೆನಪಿಲ್ಲ.

ಸಮೀಕ್ಷೆ ಮುಗಿದು ಯಾವ ಕಾಲವಾಯಿತು. ಇವತ್ತು ಬಟ್ಟಲು ಸಿಕ್ಕಿದ ಗುಂಗಿನಲ್ಲೇ ಸಂಜೆ ಬಸ್ಸು ಹತ್ತಿ ಎಮ್ಮಿಗನೂರಿಗೆ ಹೋದೆ. ಬಾಗಿಲಿಗೆ ಬಂದ ಹುಲಿಗೆಮ್ಮ ಮೈಕೈ ತುಂಬಿಕೊಂಡಿದ್ದಳು, ಪಕ್ಕದಲ್ಲಿ ಅವಳಷ್ಟೇ ಎತ್ತರದ ಮಗಳು. "ಊಟ ಆತೇನ್ರಿ?" ಎಂದೆ. ನಾನು ಯಾರೆಂದು ಹೇಳುವ ಮೊದಲೇ ಒಳಗಿನಿಂದ ಹಂಪಮ್ಮನ ದನಿ ಕೇಳಿತು. ಈಗ ಅವಳ ಕಣ್ಣು ಮಂಜಾಗಿದೆ, ದನಿ ಮಾತ್ರ ಹಾಗೇ ಇದೆ.

"ಯಾರ್ಲೇ ಅದು, ಊಟ ಕೇಳೋ ಮೇಡಂ ಏನು? ಇಷ್ಟ್ ವರ್ಷ ಬರ್ಲೇ ಇಲ್ಲಲ್ರೀ! ಇವತ್ತ್ ಬರ್ತಾಳ, ನಾಳೆ ಬರ್ತಾಳ ಅಂತ ದಿನಾ ಈ ಸೊಸಿಗೆ ಮೊದ್ಲು ಹಾಕೀನಿ. ಬಂದ್ರಿ ಚಲೋ ಆತು. ಕುಂದ್ರಿ, ಬರ್ಕಳ್ರಿ."